ಹೊಳೆ ದಂಡೆಯಲ್ಲಿ ಊಟ: ಯಾವ ಹೊಳೆ, ಎಂಥ ಹೋಟೆಲು?

ಟೇಬಲ್ ನೀರಿಗೆ ಹತ್ತಿರವಾದಷ್ಟೂ ಊಟ ಸಪ್ಪೆಯಾಗುತ್ತದೆ. ಹತ್ತು ಹನ್ನೆರಡು ವರ್ಷ ಮೈಸೂರಿನಿಂದ ಹೊಳೆ ಹುಡುಕಿಕೊಂಡು ತಿರುಗಿದ ಮೇಲೆ ನಾನು ಕಂಡುಕೊಂಡದ್ದು ಇದು. ಕಾರಣ ದೊಡ್ಡದೇನಲ್ಲ. ಹೊಳೆ ಕಾಣುವ ಹೋಟೆಲಿಗೆ ಜನ ಹೇಗಿದ್ದರೂ ಬರುತ್ತಾರೆ. ಈ ವಾರ ಬಂದವರು ಬೇಜಾರಾಗಿ ಹೋದರೆ ಮುಂದಿನ ವಾರ ಬೇರೆಯವರು ಬರುತ್ತಾರೆ. ಊರೊಳಗಿನ ಮಿಲಿಟರಿ ಹೋಟೆಲಿಗೆ ಆ ಅನುಕೂಲ ಇಲ್ಲ. ಅಲ್ಲಿ ಇವತ್ತು ಸಾರು ಕೆಟ್ಟರೆ ನಾಳೆ ಬೆಂಚು ಖಾಲಿ.

ಹಾಗಾಗಿ ಕಾರು ತೆಗೆಯುವ ಮುಂಚೆ ಮನೆಯಲ್ಲೇ ಒಂದು ಮಾತು ತೀರ್ಮಾನ ಆಗಬೇಕು. ಹೊಳೆ ನೋಡೋಕೆ ಹೋಗ್ತಿದ್ದೀವಾ, ಊಟ ಮಾಡೋಕೆ ಹೋಗ್ತಿದ್ದೀವಾ? ಎರಡೂ ಒಟ್ಟಿಗೆ ಸಿಗುವ ಜಾಗ ಇಲ್ಲವೇ ಇಲ್ಲ ಅಂತಲ್ಲ. ಆದರೆ ಅದು ಎಲ್ಲಿ, ಯಾವ ತಿಂಗಳಲ್ಲಿ, ಯಾವ ಹೊತ್ತಿಗೆ ಸಿಗುತ್ತದೆ ಅನ್ನುವುದು ಗೊತ್ತಿರಬೇಕು. ನಾನು ಮಂಡ್ಯ ಕಡೆಯವಳು. ನಮ್ಮ ಮನೆಯವರು ಕುಂದಾಪುರದವರು. ನನಗೆ ಮುದ್ದೆ ನಾಟಿ ಕೋಳಿ, ಅವರಿಗೆ ಮೀನು. ಜೊತೆಗೆ ಮೊಣಕಾಲು ನೋವಿನ ಅತ್ತೆ, ಒಂಬತ್ತು ವರ್ಷದ ಮಗಳು, ಎಲ್ಲಿಗೆ ಕರೆದರೂ ಬುಲೆಟ್ಟಿನಲ್ಲೇ ಬರುವ ಮೈದುನ. ಇಷ್ಟು ಜನರನ್ನು ಒಂದು ಟೇಬಲ್ಲಿಗೆ ಕೂರಿಸಿ ಕಲಿತ ಪಾಠಗಳು ಇವು.

ಶ್ರೀರಂಗಪಟ್ಟಣದ ಸುತ್ತಮುತ್ತ

ಬೆಂಗಳೂರು, ಮೈಸೂರಿನವರಿಗೆ ಹೊಳೆ ಊಟ ಅಂದ ತಕ್ಷಣ ನೆನಪಾಗುವುದು ಇದೇ. ಕಾವೇರಿ ಇಲ್ಲಿ ಎರಡು ಸೀಳಾಗಿ ಊರನ್ನು ಸುತ್ತುವರಿದು, ಮತ್ತೆ ಸಂಗಮದಲ್ಲಿ ಒಂದಾಗುತ್ತಾಳೆ. ಅಂದರೆ ಸಣ್ಣ ಊರಿಗೆ ಎರಡು ಪಟ್ಟು ದಂಡೆ. ಹೋಟೆಲುಗಳೂ ಅದಕ್ಕೆ ತಕ್ಕ ಹಾಗಿವೆ. ತೆಂಗಿನ ತೋಟದೊಳಗೆ ಗುಡಿಸಲು ಹಾಕಿ ನಡೆಸುವವರಿದ್ದಾರೆ. ಬಿದಿರಿನ ಚಪ್ಪರದಡಿ ಪ್ಲಾಸ್ಟಿಕ್ ಕುರ್ಚಿ ಹಾಕಿದವರಿದ್ದಾರೆ. ಕಲ್ಲುಚಪ್ಪಡಿಯ ಮೇಲೆ ಟೇಬಲ್ ಇಟ್ಟು ರೆಸಾರ್ಟ್ ಅಂತ ಬೋರ್ಡ್ ಬರೆಸಿದವರೂ ಇದ್ದಾರೆ.

ಬೆಂಗಳೂರಿನಿಂದ ಬರುವವರು ಒಂದು ವಿಷಯ ಮರೆಯುತ್ತಾರೆ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದ ಮೇಲೆ ಬೈಪಾಸು ಶ್ರೀರಂಗಪಟ್ಟಣವನ್ನು ಪಕ್ಕಕ್ಕೆ ಸರಿಸಿಬಿಟ್ಟಿದೆ. ಹಾಡು ಕೇಳಿಕೊಂಡು ಕೂತರೆ ಮೈಸೂರಿನಲ್ಲೇ ಕಣ್ಣು ಬಿಡುವುದು. ಮುಂಚೆಯೇ ಇಳಿದು ಹಳೇ ರಸ್ತೆ ಹಿಡಿಯಬೇಕು. ಬೈಕಿನವರಿಗೆ ಈ ಚಿಂತೆ ಇಲ್ಲ. ಅದೇ ವರ್ಷದ ಆಗಸ್ಟ್‌ನಿಂದ ಅವರನ್ನು ಮುಖ್ಯ ರಸ್ತೆಗೆ ಬಿಡುವುದೇ ಇಲ್ಲ. ಸರ್ವಿಸ್ ರಸ್ತೆಯಲ್ಲಿ ಬರುವ ಮೈದುನ ಮದ್ದೂರಿನಲ್ಲಿ ವಡೆ ತಿಂದುಕೊಂಡೇ ಬರುತ್ತಾನೆ. ನಾವು ಹಸಿದು ಕೂತಿರುತ್ತೇವೆ.

ಇಲ್ಲಿ ಊಟಕ್ಕೆ ಆರ್ಡರ್ ಮಾಡಬೇಕಾದ್ದು ಮುದ್ದೆ, ನಾಟಿ ಕೋಳಿ ಸಾರು, ಬೋಟಿ, ತಲೆಮಾಂಸ. ಮಾಂಸ ತಿನ್ನದವರಿಗೆ ಬಸ್ಸಾರು, ಉಪ್ಪೆಸರು ಸಿಕ್ಕರೆ ಅದೃಷ್ಟ. ಹೆಚ್ಚು ಕಡೆ ಸಿಗುವುದಿಲ್ಲ. ಪನೀರ್ ಬಟರ್ ಮಸಾಲ ಬರುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಕೂತು, ಕಾವೇರಿ ಮುಂದೆ ಇಟ್ಟುಕೊಂಡು, ಪನೀರ್ ಬಟರ್ ಮಸಾಲ ತಿನ್ನುವುದು! ಸಸ್ಯಾಹಾರಿಗಳು ಈ ವರ್ಗದ ಹೋಟೆಲಿಗೆ ಹೋಗುವ ಬದಲು ಊರೊಳಗೆ ಇಡ್ಲಿ ದೋಸೆ ತಿಂದು ಆಮೇಲೆ ಹೊಳೆಗೆ ಹೋಗುವುದು ಮೇಲು.

ನಾಟಿ ಕೋಳಿ ವಿಷಯದಲ್ಲಿ ಎರಡು ಮಾತು. ನಿಜವಾದ ನಾಟಿ ಕೋಳಿ ಬೇಯಲು ಹೊತ್ತು ಬೇಕು. ಹೋಗಿ ಕೂತ ಇಪ್ಪತ್ತು ನಿಮಿಷಕ್ಕೆ ಬಿಸಿಬಿಸಿ ಬಂತು ಅಂದರೆ ಒಂದೋ ಬೆಳಿಗ್ಗೆಯೇ ಬೇಯಿಸಿಟ್ಟದ್ದು, ಇಲ್ಲವೇ ಅದು ನಾಟಿ ಅಲ್ಲ. ಬೆಳಿಗ್ಗೆ ಬೇಯಿಸಿದ್ದಾದರೆ ತಪ್ಪಿಲ್ಲ, ಸಾರು ಇನ್ನೂ ಚೆನ್ನಾಗಿ ಹಿಡಿದಿರುತ್ತದೆ. ಆದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ಕೋಳಿಯೂ ಎಷ್ಟೋ ಕಡೆ ನಾಟಿ ಹೆಸರಿನಲ್ಲೇ ತಟ್ಟೆಗೆ ಬರುತ್ತದೆ. ಗಿರಿರಾಜ ಕೆಟ್ಟದ್ದಲ್ಲ, ನಾಟಿ ರೇಟು ಕೊಡಬೇಕಾಗಿಲ್ಲ ಅಷ್ಟೇ. ಗುರುತಿಸುವುದು ಕಷ್ಟವಿಲ್ಲ. ನಾಟಿಯಲ್ಲಿ ಮೂಳೆ ಸಣ್ಣ, ಗಟ್ಟಿ. ಮಾಂಸ ಕಡಿಮೆ, ಅಗಿಯಬೇಕು. ತೊಡೆ ತುಂಡು ದಪ್ಪಗೆ ಮೆತ್ತಗೆ ಇದ್ದರೆ ಅನುಮಾನ ಪಡಿ.

ಇನ್ನು ನನ್ನ ದೊಡ್ಡ ತಕರಾರು. ಇಂಥ ಬಹಳಷ್ಟು ಜಾಗಗಳು ಬಾರ್ ಅಂಡ್ ರೆಸ್ಟೋರೆಂಟು. ಹೊಳೆಗೆ ಮುಖ ಮಾಡಿದ ಗುಡಿಸಲುಗಳೆಲ್ಲ ಕುಡಿಯುವವರಿಗೆ. ಹೆಂಗಸರು ಮಕ್ಕಳು ಜೊತೆಗಿದ್ದರೆ 'ಫ್ಯಾಮಿಲಿ ಸೆಕ್ಷನ್ ಆ ಕಡೆ ಮೇಡಂ' ಅಂತ ಹಿಂದಕ್ಕೆ ಕಳಿಸುತ್ತಾರೆ. ಹಿಂದೆ ಏನಿರುತ್ತದೆ? ಪ್ಲೈವುಡ್ ಗೋಡೆ, ಟ್ಯೂಬ್‌ಲೈಟು, ಪಕ್ಕದಲ್ಲೇ ಅಡುಗೆಮನೆಯ ಹೊಗೆ. ಎಪ್ಪತ್ತು ಕಿಲೋಮೀಟರ್ ದೂರದಿಂದ ಬಂದ ನನ್ನ ಅಕ್ಕನ ಮನೆಯವರನ್ನು ಒಂದು ಸಲ ಹೀಗೆ ಕೂರಿಸಿದ್ದರು. ನಮಗೆ ಕಂಡ ಕಾವೇರಿ ಅಂದರೆ ಗೋಡೆಗೆ ಹಾಕಿದ್ದ ಫ್ಲೆಕ್ಸು. ಅಂದಿನಿಂದ ಫೋನಿನಲ್ಲಿ ಮೊದಲು ಕೇಳುವುದೇ 'ಫ್ಯಾಮಿಲಿಗೆ ಹೊಳೆ ಕಾಣೋ ಕಡೆ ಟೇಬಲ್ ಇದೆಯಾ?' ಅಂತ.

ಇನ್ನೊಂದು ಸೂಕ್ಷ್ಮ. ಪಶ್ಚಿಮವಾಹಿನಿ, ಸಂಗಮ ಇವೆಲ್ಲ ಅಸ್ಥಿ ಬಿಡುವ ಜಾಗಗಳು. ನಮ್ಮಂಥವರಿಗೆ ನದಿ ನದಿಯೇ, ಆದರೆ ಮನೆಯ ಹಿರಿಯರು ಆ ನೀರು ಮುಂದಿಟ್ಟುಕೊಂಡು ಕೋಳಿ ತಿನ್ನಲು ಒಪ್ಪುವುದಿಲ್ಲ. ಮ್ಯಾಪಿನಲ್ಲಿ ನೀಲಿ ಗೆರೆ ನೋಡಿ ಜಾಗ ಆರಿಸುವ ಹುಡುಗರಿಗೆ ಇದು ಹೊಳೆಯುವುದಿಲ್ಲ.

ಕಾವೇರಿ ದಂಡೆಗೆ ಹೋಗುವ ಮುಂಚೆ ನಾನು ನೋಡುವುದು ಹೋಟೆಲಿನ ಸ್ಟಾರ್ ಅಲ್ಲ. ಪತ್ರಿಕೆಯಲ್ಲಿ ದಿನಾ ಬರುವ ಜಲಾಶಯಗಳ ನೀರಿನ ಮಟ್ಟದ ಚೌಕ. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಅದರ ಹತ್ತಿರಕ್ಕೆ ಬಂದು ಹೊರಹರಿವು ಹತ್ತಾರು ಸಾವಿರ ಕ್ಯೂಸೆಕ್ ಮುಟ್ಟಿತು ಅಂದರೆ ಆ ವಾರ ದಂಡೆಯ ಹೋಟೆಲು ಬೇಡ. ರಂಗನತಿಟ್ಟಿನಲ್ಲಿ ದೋಣಿ ನಿಲ್ಲಿಸುತ್ತಾರೆ. ನಿಮಿಷಾಂಬ ದೇವಸ್ಥಾನದ ಮೆಟ್ಟಿಲಿಗೆ ನೀರು ಬರುತ್ತದೆ. ತಗ್ಗಿನಲ್ಲಿ ಹಾಕಿದ ಕುರ್ಚಿಗಳನ್ನು ಎತ್ತಿ ಮೇಲಿಡುತ್ತಾರೆ. ಹೊರಹರಿವು ಎರಡು ಮೂರು ಸಾವಿರ ಕ್ಯೂಸೆಕ್ ಇದ್ದರೆ ನೋಡಲು ಚಂದ, ಸದ್ದೂ ಹಿತ. ಕೆಲವು ನೂರಕ್ಕೆ ಇಳಿದ ಏಪ್ರಿಲ್ ತಿಂಗಳಲ್ಲಿ ಬಂಡೆ, ಅಂತರಗಂಗೆ, ಪಾಚಿ ವಾಸನೆ. ನನ್ನ ಲೆಕ್ಕದಲ್ಲಿ ಈ ದಂಡೆಗೆ ಒಳ್ಳೆ ಕಾಲ ದಸರಾ ಮುಗಿದ ಮೇಲಿನಿಂದ ಸಂಕ್ರಾಂತಿವರೆಗೆ. ದಸರಾ ವಾರದಲ್ಲಿ ಮಾತ್ರ ಬೇಡವೇ ಬೇಡ.

ಮೀನು ಫ್ರೈ ಅಂಗಡಿಗಳು

ಹೋಟೆಲಿಗಿಂತ ಒಂದು ಮೆಟ್ಟಿಲು ಕೆಳಗೆ, ನನ್ನ ಮಟ್ಟಿಗೆ ಒಂದು ಮೆಟ್ಟಿಲು ಮೇಲೆ, ಈ ಅಂಗಡಿಗಳು. ಕೆಆರ್‌ಎಸ್ ಕಡೆ, ತಲಕಾಡಿನ ಮರಳ ದಂಡೆಯಲ್ಲಿ, ಕನಕಪುರದಾಚೆ ಅರ್ಕಾವತಿ ಬಂದು ಸೇರುವ ಸಂಗಮದಲ್ಲಿ ಇಂಥವು ಸಿಗುತ್ತವೆ. ಶೀಟು ಹೊದಿಸಿದ ಅಂಗಡಿ, ಒಂದು ದೊಡ್ಡ ಬಾಣಲೆ, ಮಸಾಲೆ ಹಚ್ಚಿ ಸಾಲಾಗಿ ಜೋಡಿಸಿದ ಮೀನು. ನೀವು ತೋರಿಸಿದ್ದನ್ನು ಕರಿದು ಪೇಪರ್ ತಟ್ಟೆಯಲ್ಲಿ ಈರುಳ್ಳಿ, ನಿಂಬೆಹೋಳು ಇಟ್ಟು ಕೊಡುತ್ತಾರೆ. ಕೂರಲು ಬಂಡೆ. ಕೈ ತೊಳೆಯಲು ಹೊಳೆ.

ಇಲ್ಲಿ ಸಿಗುವುದು ಕಾಟ್ಲಾ, ರೋಹು, ಜಿಲೇಬಿ. ಹೌದು, ಜಿಲೇಬಿ ಮೀನಿನ ಹೆಸರೇ. ತಿಲಾಪಿಯಾಕ್ಕೆ ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮಗಳು ಮೊದಲ ಸಲ ಕೇಳಿ ಕುಣಿದಾಡಿದ್ದಳು, ತಟ್ಟೆ ಬಂದ ಮೇಲೆ ಅಳು. ಆದರೆ ಮಕ್ಕಳಿಗೆ ಕೊಡಲು ಅದೇ ಒಳ್ಳೆಯದು. ಕಾಟ್ಲಾ, ರೋಹುವಿನಲ್ಲಿ ಮಾಂಸದ ನಡುವೆ ಕವಲೊಡೆದ ಸಣ್ಣ ಮುಳ್ಳುಗಳು ಜಾಸ್ತಿ. ಜಿಲೇಬಿಯಲ್ಲಿ ನಡುಮುಳ್ಳು ತೆಗೆದರೆ ಮುಗಿಯಿತು.

'ಈಗ ತಾನೆ ಹೊಳೆಯಿಂದ ಹಿಡಿದದ್ದು ಸಾರ್' ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. ರಾಜ್ಯದಲ್ಲಿ ಮಾರಾಟವಾಗುವ ಕಾಟ್ಲಾ ರೋಹುವಿನಲ್ಲಿ ಬಹಳಷ್ಟು ಆಂಧ್ರದ ಕೊಳಗಳಿಂದ ಐಸ್ ಪೆಟ್ಟಿಗೆಯಲ್ಲಿ ಬರುತ್ತದೆ. ಮಸಾಲೆ ಹಚ್ಚದ ಮೀನು ತೋರಿಸಿ ಅಂತ ಕೇಳಿ. ಕಿವಿರು ಕೆಂಪಗಿರಬೇಕು, ಕಣ್ಣು ಉಬ್ಬಿರಬೇಕು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ತೋರಿಸಲು ಹಿಂದೆ ಮುಂದೆ ನೋಡುವವರ ಹತ್ತಿರ ತಗೋಬೇಡಿ. ಬಾಣಲೆಯ ಎಣ್ಣೆಯನ್ನೂ ನೋಡಿ. ಮಧ್ಯಾಹ್ನ ಹನ್ನೆರಡಕ್ಕೇ ಎಣ್ಣೆ ಕಪ್ಪಗಿದ್ದರೆ ಅದು ನಿನ್ನೆಯದು. ಮೀನು ಕುಂಕುಮದ ಹಾಗೆ ಕೆಂಪಗಿದ್ದರೆ ಅದು ಬ್ಯಾಡಗಿ ಮೆಣಸಿನಕಾಯಿಯ ಕೆಂಪಲ್ಲ. ಚಿಕನ್, ಮೀನು, ತರಕಾರಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಜೂನ್‌ನಲ್ಲೇ ನಿಷೇಧಿಸಿದೆ. ಆದರೂ ಕೆಂಪು ಹೋಗಿಲ್ಲ.

ನನ್ನ ಅತ್ತೆಗೆ ಈ ಮೀನು ಆಗುವುದಿಲ್ಲ. ಒಂದು ತುಂಡು ಬಾಯಿಗಿಟ್ಟು 'ಮಣ್ಣ್ ವಾಸ್ನಿ ಬತ್ತ್ ಮಾರಾಯ್ತಿ' ಅಂದು ತಟ್ಟೆ ಸರಿಸಿದರು. ಸಮುದ್ರದ ಮೀನು ತಿಂದು ಬೆಳೆದವರಿಗೆ ಸಿಹಿನೀರಿನ ಮೀನು ಹಾಗೇ ಅನ್ನಿಸುತ್ತದೆ. ಕರಾವಳಿಯವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಲೆಕ್ಕಕ್ಕೆ ತಗೊಳ್ಳಿ.

ಈ ಜಾಗಗಳಲ್ಲಿ ಟಾಯ್ಲೆಟ್ ಇಲ್ಲ ಅಂತಲೇ ತಿಳಿಯಿರಿ. ಊಟ ಬರುವವರೆಗೆ ಹುಡುಗರು ನೀರಿಗಿಳಿಯುವುದು ಇನ್ನೊಂದು ತಲೆನೋವು. ಮೇಲೆ ಶಾಂತವಾಗಿ ಕಾಣುವ ಕಾವೇರಿಯ ಅಡಿಯಲ್ಲಿ ಮಡು, ಸುಳಿ ಎಲ್ಲ ಇವೆ. ಮುತ್ತತ್ತಿ, ಸಂಗಮದ ಕಡೆ ಈಜಲು ಹೋಗಿ ಹೋದವರ ಸುದ್ದಿ ಪ್ರತಿ ಬೇಸಿಗೆ ರಜೆಯಲ್ಲೂ ಬರುತ್ತದೆ. ಕಾಲು ಇಳಿಬಿಟ್ಟು ಕೂರುವಷ್ಟಕ್ಕೆ ನಮ್ಮ ಮನೆಯಲ್ಲಿ ಅನುಮತಿ.

ಕರಾವಳಿಯ ಅಳಿವೆ

ಮೊದಲು ಹೇಳಿದ ಸೂತ್ರ ತಲೆಕೆಳಗಾಗುವುದು ಇಲ್ಲಿ. ಉಡುಪಿಯಿಂದ ಕಾರವಾರದವರೆಗೆ ಹೊಳೆ ಸಮುದ್ರ ಸೇರುವ ಕಡೆ ಹೋಟೆಲು ನೀರಿಗೆ ಹತ್ತಿರವಾದಷ್ಟೂ ಊಟ ಚೆನ್ನಾಗಿರುವ ಸಾಧ್ಯತೆ ಜಾಸ್ತಿ. ಯಾಕೆಂದರೆ ದೋಣಿ ಅಲ್ಲೇ ನಿಲ್ಲುತ್ತದೆ. ಮೀನು ಮಾರುವವರು ಅಲ್ಲೇ ಇರುತ್ತಾರೆ. ಇನ್ನೂ ಮುಖ್ಯವಾಗಿ, ತಿನ್ನಲು ಬರುವವರಲ್ಲಿ ಅರ್ಧ ಜನ ಅದೇ ಊರಿನವರು. ಅವರಿಗೆ ಹಳೇ ಬಂಗುಡೆ ಬಡಿಸಿ ದಕ್ಕಿಸಿಕೊಳ್ಳುವುದು ಸಾಧ್ಯವಿಲ್ಲ.

ಸ್ವರ್ಣಾ ಮತ್ತು ಸೀತಾ ಹೊಳೆಗಳು ಸಮುದ್ರ ಸೇರುವ ಕೋಡಿಬೆಂಗ್ರೆ ನನ್ನ ಮೊದಲ ಆಯ್ಕೆ. ಉದ್ದಕ್ಕೂ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ರಸ್ತೆ ಮತ್ತು ಮನೆಗಳು. ಕೆಮ್ಮಣ್ಣಿನ ಕಡೆ ಹೊಳೆಯ ನಡುವೆ ಕುದ್ರುಗಳು, ಅಂದರೆ ನಡುಗಡ್ಡೆಗಳು, ಒಂದು ತೂಗುಸೇತುವೆ. ಐದು ಹೊಳೆಗಳು ಕೂಡುವ ಗಂಗೊಳ್ಳಿ ಅಳಿವೆ ನಮ್ಮ ಮನೆಯವರ ಊರು ಕಡೆಯದ್ದು, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಓದಿ. ಹೊನ್ನಾವರದಲ್ಲಿ ಶರಾವತಿ. ಜೋಗದಲ್ಲಿ ಧುಮುಕಿದ ಹೊಳೆಯೇ ಇದು ಅಂತ ನಂಬಲಾಗದಷ್ಟು ಅಗಲ, ಅಷ್ಟೇ ನಿಧಾನ. ಕಾರವಾರದಲ್ಲಿ ಕಾಳಿ. ಅಲ್ಲಿ ಅಡುಗೆಗೆ ಕೊಂಕಣಿ ಕೈ.

ಊಟ ಹೇಗೆ? ಫಿಶ್ ಮೀಲ್ಸ್ ಅಂದರೆ ಕುಚ್ಚಲಕ್ಕಿ ಅನ್ನ, ಮೀನು ಸಾರು, ಒಂದು ಪಲ್ಯ, ಕೆಲವು ಕಡೆ ಒಣ ಸಿಗಡಿ ಚಟ್ನಿ. ಸಾರು ಎಷ್ಟು ಕೇಳಿದರೂ ಹಾಕುತ್ತಾರೆ. ಇದು ಸೋವಿ. ಜೇಬು ಖಾಲಿಯಾಗುವುದು ಪಕ್ಕಕ್ಕೆ ಹೇಳುವ ಫ್ರೈನಲ್ಲಿ. ಮೆನುವಿನಲ್ಲಿ ಅಂಜಲ್, ಕಾಣೆ, ಪಾಂಪ್ಲೆಟ್, ಏಡಿ ಇವುಗಳ ಮುಂದೆ ರೇಟಿನ ಜಾಗದಲ್ಲಿ 'ಎಪಿಎಸ್' ಅಂತ ಮೂರಕ್ಷರ ಇರುತ್ತದೆ. ಗಾತ್ರದ ಮೇಲೆ ರೇಟು ಅಂತ ಅರ್ಥ. ನಾಚಿಕೊಳ್ಳದೆ ಮೀನು ತರಿಸಿ ನೋಡಿ, ರೇಟು ಕೇಳಿ, ಆಮೇಲೆ ಹೂಂ ಅನ್ನಿ. ಊರಿನವರೂ ಹಾಗೇ ಮಾಡುತ್ತಾರೆ. ಬಿಲ್ ಬಂದ ಮೇಲೆ ಜಗಳ ಆಡುವವರು ಘಟ್ಟದ ಮೇಲಿನವರು ಮಾತ್ರ.

ಮೀನಿನ ಹೆಸರು ಐವತ್ತು ಕಿಲೋಮೀಟರಿಗೊಮ್ಮೆ ಬದಲಾಗುತ್ತದೆ, ಗಾಬರಿಯಾಗಬೇಡಿ. ಮಂಗಳೂರಿನ ಬೂತಾಯಿ ಕುಂದಾಪುರದಲ್ಲಿ ಬೈಗೆ, ಇನ್ನೂ ಮೇಲೆ ಹೋದರೆ ತಾರ್ಲೆ. ಗೊತ್ತಿಲ್ಲದಿದ್ದರೆ 'ಇವತ್ತು ಯಾವುದು ಒಳ್ಳೇದಿದೆ' ಅಂತ ಕೇಳಿದರೆ ಸಾಕು. ಬಂಗುಡೆ ಅಂದರೆ ಬಂಗುಡೆಯನ್ನೇ ತಗೊಳ್ಳಿ. ಅಂಜಲ್ ಬೇಕೇ ಬೇಕು ಅಂತ ಹಟ ಹಿಡಿದರೆ ಫ್ರಿಜ್ಜಿನದ್ದು ಬರುತ್ತದೆ. ಅತ್ತೆಯ ಪ್ರಕಾರ ಕಾಣೆಗೆ ರವೆ ಹಾಕುವುದೇ ಪಾಪ, ಕಾವಲಿ ಮೇಲೆ ಬರೀ ಮಸಾಲೆಯಲ್ಲಿ ಸುಡಬೇಕು. ನನಗೆ ರವಾ ಫ್ರೈ ಇಷ್ಟ. ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ. ಹೊಳೆಯದ್ದೇ ರುಚಿ ಬೇಕು ಅನ್ನುವವರು ಮರುವಾಯಿ ಅಥವಾ ಬಳಚು ಸುಕ್ಕ ಕೇಳಿ. ಅಳಿವೆಯ ಮರಳಿನಲ್ಲಿ ಕೈಹಾಕಿ ಆರಿಸಿ ತರುವ ಚಿಪ್ಪಿನ ಜೀವ ಅದು. ಅಘನಾಶಿನಿ ಅಳಿವೆಯಲ್ಲಿ ಎಷ್ಟೋ ಕುಟುಂಬಗಳು ಬಳಚು ಹೆಕ್ಕಿಯೇ ಬದುಕುತ್ತವೆ. 2024ರಲ್ಲಿ ಆ ಅಳಿವೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಎರಡು ಲೆಕ್ಕ ಇಟ್ಟುಕೊಂಡು ಹೋಗಬೇಕು. ಒಂದು, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ನಾಡದೋಣಿಯವರು ಹಿಡಿದದ್ದು, ಹೊಳೆಯ ಮೀನು, ಒಣಮೀನು ಇರುತ್ತವೆ. ಆದರೆ ಮೆನುವಿನಲ್ಲಿರುವ ಎಲ್ಲ ಸಿಗುತ್ತದೆ ಅಂದರೆ ಅದು ಐಸಿನದ್ದು ಅಥವಾ ದೂರದ ಊರಿನಿಂದ ಬಂದದ್ದು. ಮಳೆ ನೋಡಲು ಆ ಎರಡು ತಿಂಗಳು ಹೋಗಿ, ಮೀನಿಗಾಗಿ ಹೋಗಬೇಡಿ. ಎರಡನೆಯದು ಉಬ್ಬರ ಇಳಿತ. ಅಳಿವೆಯ ಹೊಳೆ ದಿನಕ್ಕೆ ಎರಡು ಸಲ ತುಂಬಿ ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ತುಂಬಿದಾಗ ಟೇಬಲ್ ಕೆಳಗೇ ನೀರು ತಾಗುವ ಜಾಗ, ಇಳಿದಾಗ ಕಪ್ಪು ಕೆಸರಿನ ಬಯಲು. ವಾಸನೆಯೂ ಇರುತ್ತದೆ. ಅಮಾವಾಸ್ಯೆ ಹುಣ್ಣಿಮೆ ಆಸುಪಾಸು ಈ ವ್ಯತ್ಯಾಸ ಇನ್ನೂ ಜಾಸ್ತಿ. 'ಫೋಟೋದಲ್ಲಿ ಇದ್ದ ಹಾಗೆ ಇಲ್ಲವೇ ಇಲ್ಲ' ಅಂತ ಗೊಣಗುವವರು ಹೆಚ್ಚಾಗಿ ಇಳಿತದ ಹೊತ್ತಿಗೆ ಹೋದವರು. ಹೋಟೆಲಿಗೆ ಫೋನ್ ಮಾಡಿ 'ಮಧ್ಯಾಹ್ನ ನೀರು ಎಷ್ಟೊತ್ತಿಗೆ ತುಂಬುತ್ತೆ' ಅಂತ ಕೇಳಿದರೆ ಮೀನು ಹಿಡಿಯುವವರ ಪೈಕಿ ಯಾರಾದರೂ ಅಲ್ಲಿದ್ದೇ ಇರುತ್ತಾರೆ, ಹೇಳುತ್ತಾರೆ.

ಎರಡು ಗಂಟೆ ದಾಟಿದರೆ ಒಳ್ಳೆ ಕಡೆ ಮೀಲ್ಸ್ ಮುಗಿದಿರುತ್ತದೆ. ಮೂರೂವರೆಗೂ ಎಲ್ಲ ಐಟಂ ಇರುವ ಹೋಟೆಲಿನ ಬಗ್ಗೆ ನನಗೆ ಗೌರವ ಕಡಿಮೆ.

ಮೈಸೂರು ಬೆಂಗಳೂರಿನವರಿಗೆ ಇದು ಒಂದು ಭಾನುವಾರದಲ್ಲಿ ಮುಗಿಯುವ ಕೆಲಸವಲ್ಲ, ಅದೊಂದೇ ಕೊರತೆ.

ಕಾಡಿನ ಕ್ಯಾಂಪು

ಭೀಮೇಶ್ವರಿ, ಗಾಳಿಬೋರೆಯಂಥ ಕಡೆ ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುವ ಕ್ಯಾಂಪುಗಳಿವೆ. ಸುಮ್ನೆ ಹೋಗಿ ಊಟ ಕೇಳುವ ಜಾಗವಲ್ಲ, ಮೊದಲೇ ಬುಕ್ ಮಾಡಿ ಹೋಗಬೇಕು. ಉಳಿಯುವ ಪ್ಯಾಕೇಜ್ ಇದೆ, ಭೀಮೇಶ್ವರಿಯಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರುವ ಪ್ಯಾಕೇಜೂ ಉಂಟು. ಊಟ ಬಫೆ. ಯಾರಿಗೂ ಖಾರವಾಗಬಾರದು, ಯಾರಿಗೂ ತೊಂದರೆಯಾಗಬಾರದು ಅನ್ನುವ ಧಾಟಿಯ ಅಡುಗೆ. ಮದುವೆ ಮನೆಯ ಎರಡನೇ ಪಂಕ್ತಿ ನೆನಪಾಗುತ್ತದೆ.

ಆದರೆ ಹೊಳೆ! ಕಾವೇರಿಯನ್ನು ಅಷ್ಟು ಚೊಕ್ಕಟವಾಗಿ, ಅಷ್ಟು ಸದ್ದಿಲ್ಲದೆ ಬೇರೆ ಯಾವ ಊಟದ ಜಾಗದಿಂದಲೂ ನಾನು ನೋಡಿಲ್ಲ. ಎರಡೂ ದಡದಲ್ಲಿ ಕಾಡು, ತೆಪ್ಪ, ಬಂಡೆ ಮೇಲೆ ಮೊಸಳೆ. ಕುಡಿದು ಕಿರುಚುವವರ ಕಾಟ ಕಡಿಮೆ, ಟಾಯ್ಲೆಟ್ ಸರಿಯಾಗಿದೆ, ವಯಸ್ಸಾದವರು ಕೂರಲು ಜಾಗ ಇದೆ. ದುಡ್ಡು ಜಾಸ್ತಿ ಅನ್ನಿಸಿದರೂ ಅದು ಹೊಳೆಗೆ ಕೊಟ್ಟದ್ದು ಅಂದುಕೊಂಡರೆ ಬೇಜಾರಾಗುವುದಿಲ್ಲ. ಕೋತಿಗಳ ಬಗ್ಗೆ ಮಾತ್ರ ಎಚ್ಚರ. ಮಗಳ ಕೈಯಿಂದ ಬಾಳೆಹಣ್ಣು ಹೋದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ತುಂಗಭದ್ರೆಯ ಆಚೆ ದಡ

ಹಂಪಿಯ ಹೊಳೆ ದಂಡೆಯ ಕೆಫೆಗಳ ಹಳೇ ಫೋಟೋ ನೋಡಿ ಹೊರಡುವವರು ಒಂದು ನಿಮಿಷ ನಿಲ್ಲಿ. ವಿರುಪಾಪುರ ಗಡ್ಡೆಯಲ್ಲಿ ದಿಂಬಿಗೆ ಒರಗಿ ಗದ್ದೆ ನೋಡುತ್ತ ಕೂರುವ ಗುಡಿಸಲುಗಳಿದ್ದವಲ್ಲ, ಅವನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರ ಮಾರ್ಚ್‌ನಲ್ಲಿ ಕೆಡವಿದರು. ಪಾರಂಪರಿಕ ತಾಣದೊಳಗಿನ ಅಕ್ರಮ ಕಟ್ಟಡ ಅನ್ನುವುದು ಕಾರಣ. ಈಗ ಆ ಥರದ ಜಾಗಗಳು ಬೇಕೆಂದರೆ ಸಾಣಾಪುರ, ಆನೆಗೊಂದಿ ಕಡೆ ಹುಡುಕಬೇಕು. ಅಲ್ಲಿ ಹೆಚ್ಚಿನವಕ್ಕೆ ಕಾಣುವುದು ಹೊಳೆಯಲ್ಲ, ಬಂಡೆಗುಡ್ಡ ಮತ್ತು ಭತ್ತದ ಗದ್ದೆ. ಅದೂ ಕಡಿಮೆ ಚಂದವೇನಲ್ಲ.

ಮೆನು ಮಾತ್ರ ಇಸ್ರೇಲಿಗೆ ಒಂದು ಕಾಲು, ಇಟಲಿಗೆ ಇನ್ನೊಂದು ಕಾಲು. ಪಿಜ್ಜಾ, ಪಾಸ್ತಾ, ಹಮ್ಮಸ್. ಮಕ್ಕಳಿಗೆ ಹಬ್ಬ. ನನಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಸಿಗುವ ಕಡೆ ಇವನ್ನು ತಿನ್ನಲು ಮನಸ್ಸು ಬರುವುದಿಲ್ಲ. ಹೊಟ್ಟೆಗೆ ಹೊಸಪೇಟೆಯ ಅಥವಾ ಗಂಗಾವತಿಯ ಖಾನಾವಳಿ, ಕಣ್ಣಿಗೆ ಸಾಣಾಪುರದಲ್ಲಿ ಒಂದು ಲೋಟ ಚಹಾ. ಹೀಗೆ ಎರಡು ಭಾಗ ಮಾಡಿಕೊಂಡರೆ ಎಲ್ಲ ಸರಿಹೋಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಬಿಟ್ಟರೆ ಬಂಡೆಯ ಕಾವು ತಡೆಯಲಾಗದು. ಈ ಹೊಳೆಯಲ್ಲಿ ನೀರುನಾಯಿಗಳಿವೆ, 2015ರಿಂದ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶವಿದೆ. ಮೊಸಳೆಯೂ ಇದೆ. ಹರಿಗೋಲಿನಲ್ಲಿ ಕೂತು ನೋಡಿ, ಇಳಿಯಬೇಡಿ.

ಮಲೆನಾಡು, ಕೊಡಗು

ಇಲ್ಲಿ ಹೋಟೆಲಿಗಿಂತ ಹೋಂಸ್ಟೇ. ತುಂಗೆ, ಭದ್ರೆ, ಹೇಮಾವತಿ, ಕೊಡಗಿನಲ್ಲಿ ಕಾವೇರಿ, ಅಥವಾ ಹೆಸರೇ ಇಲ್ಲದ ಹಳ್ಳ. ಹಿಂದಿನ ದಿನವೇ ಹೇಳಿದರೆ ಉಳಿಯದಿದ್ದರೂ ಊಟ ಮಾತ್ರ ಹಾಕುವ ಮನೆಗಳಿವೆ. ಕೇಳಬೇಕು ಅಷ್ಟೇ. ಸಸ್ಯಾಹಾರಿಗಳಿಗೆ ಈ ಪಟ್ಟಿಯಲ್ಲಿ ಇದಕ್ಕಿಂತ ಒಳ್ಳೆ ಆಯ್ಕೆ ಇಲ್ಲ. ತಂಬುಳಿ, ಅಪ್ಪೆಹುಳಿ, ಕೆಸುವಿನ ಪತ್ರೊಡೆ, ಮಳೆಗಾಲದಲ್ಲಿ ಕಳಲೆ. ಕೊಡಗಿನಲ್ಲಿ ಕಡಂಬುಟ್ಟು, ಕಾಚಂಪುಳಿ ಹಾಕಿದ ಪಂದಿ ಕರಿ. ಬಡಿಸುವವರೇ ಬೇಯಿಸಿದವರು, ಹಾಗಾಗಿ ಕೆಟ್ಟ ಊಟ ಉಂಡ ನೆನಪಿಲ್ಲ. ಮಳೆಗಾಲದಲ್ಲಿ ಇಂಬಳ, ಕರೆಂಟು ಇಲ್ಲದಿರುವುದು, ಕೆಂಪಾದ ಹೊಳೆ ಇವೆಲ್ಲ ಸೇರಿಯೇ ಬರುತ್ತವೆ. ಒಂದು ಮಾತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ತೇಲುವ ಆ ದೊಡ್ಡ ಮೀನುಗಳು ದೇವರ ಮೀನು. ಮಂಡಕ್ಕಿ ಹಾಕಿ ನೋಡುವುದಕ್ಕೆ ಮಾತ್ರ. ಅವನ್ನು ನೋಡಿ ಬಂದ ದಿನ ನಮ್ಮ ಮನೆಯವರು ಕೂಡ ಮೀನು ಕೇಳುವುದಿಲ್ಲ.

ಹಾಗಾದರೆ ಎಲ್ಲಿಗೆ?

ಕಾರಿನಲ್ಲಿ ಯಾರಿದ್ದಾರೆ ಅನ್ನುವುದರ ಮೇಲೆ ಹೋಗುತ್ತದೆ. ವಯಸ್ಸಾದವರಿದ್ದರೆ ಮೆಟ್ಟಿಲು ಕೇಳಿ. ದಂಡೆ ಅಂದರೆ ಇಳಿಜಾರು. ಗಾಡಿ ನಿಲ್ಲಿಸಿದ ಜಾಗದಿಂದ ಟೇಬಲ್ಲಿಗೆ ಮೂವತ್ತು ಕಲ್ಲು ಇಳಿದ ಅತ್ತೆ, ಊಟ ಆದ ಮೇಲೆ ಅಷ್ಟನ್ನೂ ಹತ್ತಬೇಕಲ್ಲ. ಅವರಿಗೆ ಕ್ಯಾಂಪು ಅಥವಾ ಕೋಡಿಬೆಂಗ್ರೆಯಂಥ ಸಮತಟ್ಟು ಜಾಗ. ಸಣ್ಣ ಮಕ್ಕಳಿದ್ದರೆ ನೀರಿಗೂ ಟೇಬಲ್ಲಿಗೂ ನಡುವೆ ಬೇಲಿ ಇರುವ ಹೋಟೆಲು, ಎಷ್ಟೇ ಸಪ್ಪೆ ಊಟ ಆದರೂ. ಮಗು ಎಲ್ಲಿ ಅಂತ ಪದೇ ಪದೇ ಎದ್ದು ನೋಡುತ್ತ ತಿಂದದ್ದು ಮೈಗೆ ಹತ್ತುವುದಿಲ್ಲ. ಗೆಳೆಯರ ಗುಂಪು, ಬೈಕು, ಸಮಯ ಇದೆ ಅಂದರೆ ಯೋಚನೆಯೇ ಬೇಡ, ಮೀನು ಫ್ರೈ ಅಂಗಡಿ. ಸಸ್ಯಾಹಾರಿಗಳು ಜಾಸ್ತಿ ಇದ್ದರೆ ಮಲೆನಾಡು. ವಿದೇಶದಿಂದ ಬಂದ ನೆಂಟರಿದ್ದರೆ ಕ್ಯಾಂಪು. ನೀರು, ಹೊಟ್ಟೆ ಎರಡೂ ಸೇಫು.

ಆಷಾಢದಲ್ಲಿ ಬಾಳೆಎಲೆ ಊಟದ ಹೋಟೆಲಿಗೆ ಹೊಳೆ ದಂಡೆಯಲ್ಲಿ ಹೋಗಬೇಡಿ. ಗಾಳಿಗೆ ಎಲೆ ಸಮೇತ ಹಪ್ಪಳ ಹಾರಿ ಪಕ್ಕದ ಟೇಬಲ್ಲಿನವರ ಸಾಂಬಾರಿಗೆ ಬಿದ್ದದ್ದು ನಮ್ಮದೇ. ಸಂಜೆ ಐದೂವರೆ ಮೇಲೆ ಎಲ್ಲ ಹೊಳೆಯಲ್ಲೂ ಸೊಳ್ಳೆ, ರಾತ್ರಿ ಊಟಕ್ಕಿಂತ ಮಧ್ಯಾಹ್ನದ್ದೇ ಸರಿ. ತಗ್ಗಿನಲ್ಲಿ ನೆಟ್‌ವರ್ಕ್ ಸಿಗದೆ ಫೋನ್‌ಪೇ ತಿರುಗುತ್ತಲೇ ಇರುತ್ತದೆ, ನೋಟು ಇಟ್ಟುಕೊಳ್ಳಿ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಇದ್ದರೆ ಬೇಡ ಅನ್ನುವ ಹಕ್ಕು ನಿಮಗಿದೆ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ಒಟ್ಟು ವ್ಯಾಪಾರದ ಮೇಲೆ ತಾನೇ ತೆರಿಗೆ ಕಟ್ಟುವ, ಸಣ್ಣ ಹೋಟೆಲು ಬಿಲ್ಲಿನಲ್ಲಿ ಜಿಎಸ್‌ಟಿ ಹಾಕುವ ಹಾಗೇ ಇಲ್ಲ.

ಇಷ್ಟೆಲ್ಲ ಆದ ಮೇಲೂ ಎರಡು ಹೋಟೆಲಿನ ನಡುವೆ ತೂಗಾಡುತ್ತಿದ್ದರೆ ನಾನು ಬೆಳಿಗ್ಗೆ ಒಂಬತ್ತೂವರೆಗೆ ಎರಡಕ್ಕೂ ಫೋನ್ ಮಾಡುತ್ತೇನೆ. ಏನೇನಿದೆ ಅಂತ ಕೇಳುತ್ತೇನೆ. ಒಬ್ಬರು ಉಸಿರು ತೆಗೆದುಕೊಳ್ಳದೆ ಇಪ್ಪತ್ತು ಐಟಂ ಹೇಳುತ್ತಾರೆ, ಎಲ್ಲ ಇದೆ ಬನ್ನಿ ಮೇಡಂ ಅನ್ನುತ್ತಾರೆ. ಇನ್ನೊಬ್ಬರು 'ಮೀನು ಇನ್ನೂ ಬಂದಿಲ್ಲ ಅಕ್ಕಾ, ಹನ್ನೊಂದರ ಮೇಲೆ ಫೋನ್ ಮಾಡಿ' ಅನ್ನುತ್ತಾರೆ. ಹನ್ನೊಂದಕ್ಕೆ ನಾನು ಫೋನ್ ಮಾಡುವುದು ಅವರಿಗೆ.